ಹೊಸ ಬಾಚಣಿಗೆ, ಹಳೆಯ ಕುಡ್ತೆ

ಹದಿನೈದು ವರ್ಷ ನಾನು ನಮ್ಮೂರನ್ನು ನೋಡಿದ್ದು ಮಳೆಯಲ್ಲೇ. ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು ನಾನು. ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಮಗಳ ಶಾಲೆಯ ದೊಡ್ಡ ರಜೆಗೆ ಹೊಂದಿಸಿಕೊಳ್ಳಬೇಕು. ಅದು ಬರುವುದು ಜುಲೈ, ಆಗಸ್ಟಿನಲ್ಲಿ, ಅಲ್ಲಿನ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಲಾಗದ ದಿನಗಳಲ್ಲಿ. ಕೊಲ್ಲಿಯಲ್ಲಿ ದುಡಿಯುವ ಕರಾವಳಿಯ ಎಷ್ಟೋ ಸಂಸಾರಗಳ ಕಥೆ ಇದೇ. ಬಜಪೆಯಲ್ಲಿ ವಿಮಾನ ಇಳಿಯುವ ಮೊದಲೇ ಕಿಟಕಿಯ ಗಾಜಿನ ಮೇಲೆ ನೀರು ಗೀರುಗೀರಾಗಿ ಓಡುತ್ತಿತ್ತು. ಕಟೀಲಿನಲ್ಲಿ ನಂದಿನಿ ಕೆಂಪಾಗಿ ತುಂಬಿ ಹರಿಯುತ್ತಿರುತ್ತಿದ್ದಳು. ಕಿನ್ನಿಗೋಳಿ ದಾಟಿ ಮನೆಯಂಗಳಕ್ಕೆ ಕಾಲಿಟ್ಟರೆ ಪಾಚಿ, ಜಾರುವ ಮೆಟ್ಟಿಲು, ಒಣಗದ ಬಟ್ಟೆಯ ವಾಸನೆ, ಆಟಿ ತಿಂಗಳ ಪತ್ರೊಡೆ. ಮಗಳು ಚಿಕ್ಕವಳಿದ್ದಾಗ ಅಜ್ಜಿಮನೆಯ ಚಿತ್ರ ಬಿಡಿಸಿದರೆ ಹೆಂಚಿನ ಮಾಡಿನ ಮೇಲೆ ಮರೆಯದೆ ನೀಲಿ ಗೆರೆಗಳನ್ನು ಎಳೆಯುತ್ತಿದ್ದಳು. ಅವಳ ಮಟ್ಟಿಗೆ ಅಜ್ಜಿಮನೆಯೆಂದರೆ ಮಳೆ ಸುರಿಯುವ ಮನೆ.

2023ರ ನವೆಂಬರ್ ಕೊನೆಗೆ ನಾವು ಗಂಟುಮೂಟೆ ಕಟ್ಟಿಕೊಂಡು ಊರಿಗೇ ಬಂದುಬಿಟ್ಟೆವು. ಬಂದ ಮರುದಿನ ಬೆಳಿಗ್ಗೆ ಮಗಳು ಜಗಲಿಯಲ್ಲಿ ಶಾಲು ಹೊದ್ದು ನಿಂತು ಗದ್ದೆಯ ಕಡೆ ನೋಡುತ್ತಿದ್ದಳು. ಎಣೇಲು ಕೊಯ್ಲು ಮುಗಿದು ಸುಗ್ಗಿಯ ಪೈರು ಆಗಷ್ಟೇ ಹಸಿರಾಗಿತ್ತು. ಅದರ ಮೇಲೆ ಮಂಜು ಹಾಸಿತ್ತು. ಅಂಗಳ ಒಣಗಿ ಬೆಳ್ಳಗಾಗಿತ್ತು. “ಮಮ್ಮಿ, ನಮ್ಮ ಮನೆಗೆ ಅಂಗಳ ಇಷ್ಟು ದೊಡ್ಡದಿದೆಯಾ?” ಎಂದು ಕೇಳಿದಳು. ಹದಿಮೂರು ವರ್ಷದ ಹುಡುಗಿ ಡಿಸೆಂಬರಿನ ಊರನ್ನು ಅದೇ ಮೊದಲು ನೋಡುತ್ತಿದ್ದಳು. ನಾನೂ 2007ರ ನಂತರ ಅದೇ ಮೊದಲು.

ಕುವೈತಿನಲ್ಲಿ ನಮಗೆ ಕ್ರಿಸ್‌ಮಸ್ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಡಿಸೆಂಬರ್ 25 ಅಲ್ಲಿ ಸರ್ಕಾರಿ ರಜೆಯಲ್ಲ, ಆದರೆ ಪ್ರಾರ್ಥನೆಗೆ ಅಡ್ಡಿಯಿರಲಿಲ್ಲ. ವಾರದ ರಜೆ ಶುಕ್ರವಾರವಾದ್ದರಿಂದ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರಕ್ಕೆ ಸರಿದಿತ್ತು. ಕುವೈತ್ ನಗರದ ಹೋಲಿ ಫ್ಯಾಮಿಲಿ ಇಗರ್ಜಿಯ ಅಂಗಳದಲ್ಲಿ ನಿಂತರೆ ಕೊಂಕಣಿ, ಮಲಯಾಳ, ತಮಿಳು, ಅರಬ್ಬಿ, ಫಿಲಿಪೀನ್ಸಿನವರ ತಗಾಲೊಗ್ ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಸಾಲ್ಮಿಯಾದ ಫ್ಲ್ಯಾಟಿನಲ್ಲಿ ಕಿಟಕಿಯ ಒಳಬದಿಗೆ ನಕ್ಷತ್ರ ಕಟ್ಟುತ್ತಿದ್ದೆವು. ಹಂದಿಮಾಂಸವೂ ಮದ್ಯವೂ ನಿಷಿದ್ಧವಾದ ದೇಶ ಅದು. ಅವರ ನೆಲ, ಅವರ ನಿಯಮ. ಹದಿನೈದು ವರ್ಷ ಅನ್ನ ಕೊಟ್ಟ ಊರಿನ ಮೇಲೆ ನನಗೆ ದೂರಿಲ್ಲ. ಶೇಂದಿಯಿಲ್ಲದ ಕಡೆ ಯೀಸ್ಟ್ ಹಾಕಿ ಇಡ್ಲಿಯಂಥ ಸಣ್ಣಾಂ ಉಬ್ಬಿಸಿದೆವು, ಹಂದಿಮಾಂಸದ ದುಕ್ರಾ ಮಾಸ್ ಆಗಬೇಕಾದಲ್ಲಿ ಅದೇ ಬಾಫತ್ ಪುಡಿ ಹಾಕಿ ಕೋಳಿ ಬೇಯಿಸಿದೆವು.

ಕುಸ್ವಾರ್ ಊರಿನಿಂದ ಬರುತ್ತಿತ್ತು. ಕುಸ್ವಾರ್ ಎಂದರೆ ಕ್ರಿಸ್‌ಮಸ್ಸಿಗೆ ನಾವು ಮಾಡುವ ತಿಂಡಿಗಳ ಒಟ್ಟು ಹೆಸರು. ಡಿಸೆಂಬರ್ ಎರಡನೆಯ ವಾರ ಯಾರು ಊರಿನಿಂದ ಮರಳುತ್ತಾರೆಂದು ವಿಚಾರಿಸಿಟ್ಟುಕೊಂಡು ಅವರ ಪೆಟ್ಟಿಗೆಯ ಮೂಲೆಯಲ್ಲಿ ಎರಡು ಕಿಲೋ ಜಾಗ ಬೇಡಿಕೊಳ್ಳುತ್ತಿದ್ದೆ. ಗುಲಾಬಿ ಹೂವಿನಂಥ ಕೊಕ್ಕಿಸಾಂ ಒಂದೂ ಇಡಿಯಾಗಿ ತಲುಪುತ್ತಿರಲಿಲ್ಲ. ಪುಡಿಯನ್ನು ಚಮಚದಲ್ಲಿ ಎತ್ತಿ ತಿನ್ನುತ್ತಿದ್ದೆವು. ರುಚಿ ಅದೇ ಇರುತ್ತಿತ್ತು. ಆದರೆ ಹಬ್ಬವೇ ಡಬ್ಬಿಯೊಳಗೆ ತಯಾರಾಗಿ ಬಂದಹಾಗಿರುತ್ತಿತ್ತು. ಅದರಲ್ಲಿ ನಾನು ಮಾಡಬೇಕಾದ್ದು ಏನೂ ಉಳಿದಿರಲಿಲ್ಲ. ಆ ಕೊರತೆ ಏನೆಂದು ನನಗೆ ಆಗ ಗೊತ್ತಾಗುತ್ತಿರಲಿಲ್ಲ. ತಿಂದ ಮೇಲೆ ಸುಮ್ಮನೆ ಒಂದು ಬೇಸರ ಬಂದು ಕೂರುತ್ತಿತ್ತು.

2020ರಲ್ಲಿ ಮೊದಲ ಬಾರಿಗೆ ಡಿಸೆಂಬರ್ ರಜೆ ಮಂಜೂರಾಗಿತ್ತು. ಟಿಕೆಟ್ 22ನೇ ತಾರೀಖಿಗೆ. 21ರ ರಾತ್ರಿ ಕೊರೊನಾದ ಹೊಸ ತಳಿಯ ಭಯಕ್ಕೆ ಕುವೈತ್ ತನ್ನ ವಿಮಾನ ನಿಲ್ದಾಣವನ್ನೇ ಮುಚ್ಚಿತು. ತೆರೆದದ್ದು ಹೊಸ ವರ್ಷಕ್ಕೆ. ಫೋನಿನಲ್ಲಿ ಪಪ್ಪ, “ಇರಲಿ ಬಾಯ್, ನಕ್ಷತ್ರ ಕಟ್ಟಿದ್ದೇನೆ, ಬರುವ ವರ್ಷಕ್ಕೂ ಅದೇ ಆಗುತ್ತದೆ” ಎಂದರು. ಮುಂದಿನ ಮಾರ್ಚಿನಲ್ಲಿ ಅವರು ತೀರಿಕೊಂಡರು. ಆಗ ವಿದೇಶಿಯರ ಪ್ರವೇಶಕ್ಕೆ ಅಲ್ಲಿ ನಿರ್ಬಂಧವಿತ್ತು, ಊರಿಗೆ ಹೋದರೆ ಕೆಲಸಕ್ಕೆ ಮರಳುವ ದಾರಿಯಿರಲಿಲ್ಲ. ನಾನು ಹೋಗಲಿಲ್ಲ. ಅಣ್ಣ ಮೊಬೈಲ್ ಹಿಡಿದು ತೋರಿಸಿದ್ದನ್ನು ಸಾಲ್ಮಿಯಾದ ಕಿಟಕಿಯ ಪಕ್ಕ ಕೂತು ನೋಡಿದೆ.

ಆದ್ದರಿಂದ 2023ರ ಕ್ರಿಸ್‌ಮಸ್ ಹೇಗೋ ಆದೀತು ಎಂದು ಬಿಡಲು ನನಗೆ ಮನಸ್ಸಿರಲಿಲ್ಲ. ಒಂದನ್ನೂ ಬಿಡದೆ ಎಲ್ಲ ಕುಸ್ವಾರನ್ನೂ ಮನೆಯಲ್ಲೇ ಮಾಡಬೇಕು ಎಂದು ಅಮ್ಮನಿಗೆ ಹೇಳಿದೆ. ಅಮ್ಮನನ್ನು ನಾವು ಕರೆಯುವುದು ಮಾಂಯ್ ಎಂದು. ಆಗ ಎಪ್ಪತ್ತನಾಲ್ಕು ವರ್ಷ, ಮೊಣಕಾಲು ನೋವು, ಬೆರಳಿನ ಗಂಟುಗಳು ಊದಿ ಸೊಟ್ಟಗಾಗಿವೆ. ಪಪ್ಪ ಹೋದ ಮೇಲೆ ಎರಡು ವರ್ಷ ಮನೆಯಲ್ಲಿ ಎಣ್ಣೆಯ ಬಾಣಲೆಯನ್ನೇ ಇಟ್ಟಿರಲಿಲ್ಲ, ಅತ್ತಿಗೆ ಕಿನ್ನಿಗೋಳಿ ಪೇಟೆಯಿಂದ ಒಂದು ಪೊಟ್ಟಣ ತಂದು ಮುಗಿಸಿದ್ದಳು. ನನ್ನ ಮಾತು ಕೇಳಿ ಅಮ್ಮ ಕ್ಯಾಲೆಂಡರ್ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಬೆರಳಿಟ್ಟು ಎಣಿಸಿದರು. “ಈ ಸಲ ಆಗಮನ ಕಾಲ ಗಿಡ್ಡ ಇದೆ” ಎಂದರು.

ನಿಜವೇ. ಕ್ರಿಸ್‌ಮಸ್ಸಿಗೆ ಮೊದಲು ನಾಲ್ಕು ಭಾನುವಾರಗಳು ಬರಬೇಕು ಎನ್ನುವುದು ಆಗಮನ ಕಾಲದ ಲೆಕ್ಕ. ಆ ವರ್ಷ ಡಿಸೆಂಬರ್ 25 ಸೋಮವಾರ. ನಾಲ್ಕನೆಯ ಭಾನುವಾರ 24ನೇ ತಾರೀಖಿಗೇ ಬಿದ್ದಿತ್ತು. ಹಾಗಾಗಿ ಮೊದಲ ಭಾನುವಾರ ಡಿಸೆಂಬರ್ 3ಕ್ಕೆ, ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬದ ದಿನ. ಆಗಮನ ಕಾಲ ಇದಕ್ಕಿಂತ ಗಿಡ್ಡವಾಗಲು ಸಾಧ್ಯವೇ ಇಲ್ಲ, ಬರೀ 22 ದಿನ. ಅಷ್ಟರಲ್ಲಿ ಮೆಣಸು ಒಣಗಬೇಕು, ಅಕ್ಕಿ ಹಿಟ್ಟಾಗಬೇಕು, ರಾಗಿ ಮೊಳೆಯಬೇಕು, ಶೇಂದಿಗೆ ಹೇಳಿಡಬೇಕು.

ಮೊದಲು ಅಂಗಳದಲ್ಲಿ ಚಾಪೆ ಬಿದ್ದಿತು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಲವಂಗ, ದಾಲ್ಚಿನ್ನಿ, ಅರಿಶಿನ. ಇದು ಬಾಫತ್ ಪುಡಿಯ ಸರಂಜಾಮು. ಮೆಣಸು ಬಿಸಿಲಿಗೆ ಒಣಗಿ, ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಎನ್ನಬೇಕು. ಅಮ್ಮ ಕುರ್ಚಿಯಲ್ಲಿ ಕೂತು, ಒಂದೊಂದೇ ಮೆಣಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಮೊಮ್ಮಗಳೂ ಅಜ್ಜಿಯ ಕಾಲಬಳಿ ಕೂತು ಹಾಗೆಯೇ ಮಾಡತೊಡಗಿದಳು.

ಅಮ್ಮನ ಅಳತೆಗಳೆಲ್ಲ ಒಂದು ಹಿತ್ತಾಳೆಯ ಕುಡ್ತೆಯಲ್ಲಿವೆ. ಹಾಲು ಅಳೆಯುವ ಚಿಕ್ಕ ಪಾತ್ರೆ, ಅಂಚು ಒಂದು ಕಡೆ ನೆಗ್ಗಿದೆ. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಇದ್ದದ್ದಂತೆ. ಮೈದಾ ಎಷ್ಟು ಕುಡ್ತೆ, ತೆಂಗಿನ ಹಾಲು ಎಷ್ಟು ಕುಡ್ತೆ, ಸಕ್ಕರೆ ಎಷ್ಟು, ಎಲ್ಲ ಅದರಲ್ಲೇ. ಅಲ್ಲಿಂದ ಮುಂದೆ ಅಳತೆಯಿಲ್ಲ, “ಹಿಟ್ಟು ಕೇಳಿದಷ್ಟು” ಅಷ್ಟೇ. ನಾನು ನೋಟ್‌ಬುಕ್ ಹಿಡಿದು ಕೂತೆ. ಔಷಧಿಯನ್ನು ಹನಿ ಲೆಕ್ಕದಲ್ಲಿ ಕೊಟ್ಟು ರೂಢಿಯಾದ ಕೈಗೆ ‘ಕೇಳಿದಷ್ಟು’ ಎಂದು ಬರೆಯಲು ಆಗುತ್ತಿರಲಿಲ್ಲ. ಎಷ್ಟು ಕೇಳಿತು ಎಂದು ಗೊತ್ತಾಗುವುದು ಹೇಗೆ ಎಂದು ಮಗಳು ಕೇಳಿದಳು. ಅಮ್ಮ ಅವಳ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ, “ಇಷ್ಟು ಮೆತ್ತಗೆ” ಎಂದರು. ಆಮೇಲೆ ಮಗಳು ಹಿಟ್ಟನ್ನು ಒಮ್ಮೆ ಮುಟ್ಟುವುದು, ಹಿಟ್ಟಿನ ಕೈಯಲ್ಲೇ ತನ್ನ ಕಿವಿಯನ್ನೊಮ್ಮೆ ಮುಟ್ಟುವುದು. ಸಂಜೆಯವರೆಗೂ ಅವಳ ಎರಡೂ ಕಿವಿ ಬೆಳ್ಳಗಿತ್ತು.

ಅದು ಕಿಡಿಯೊ ಮಾಡುವ ದಿನ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದರ್ಥ. ಬೇರೆ ಕಡೆ ಕಲ್‌ಕಲ್ ಎನ್ನುತ್ತಾರೆ. ಮೈದಾಕ್ಕೆ ಮೊಟ್ಟೆ, ತೆಂಗಿನ ಹಾಲು, ಚೂರು ತುಪ್ಪ ಹಾಕಿ ಕಲಸಿದ ಹಿಟ್ಟು. ಅಡಿಕೆಗಿಂತ ಸಣ್ಣ ಉಂಡೆ ತೆಗೆದುಕೊಂಡು ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ, ಅದೇ ಒತ್ತಿನಲ್ಲಿ ಸುರುಳಿ ಸುತ್ತಿ ಬಿಡಬೇಕು. ಮೈಮೇಲೆ ಸಾಲು ಗೆರೆ ಮೂಡುತ್ತದೆ, ಒಳಗೆ ಟೊಳ್ಳಿರುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದಾಗ ಪಾಕ ಆ ಗೆರೆಗಳಲ್ಲಿ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಫೋರ್ಕಿನ ಬೆನ್ನಲ್ಲೂ ಮಾಡುತ್ತಾರೆ, ಆದರೆ ನಮ್ಮ ಮನೆಯಲ್ಲಿ ಹೊಸ ಬಾಚಣಿಗೆಯೇ ಆಗಬೇಕು. ಪ್ರತಿ ವರ್ಷ ಅರ್ಧ ಡಜನ್ ಬಾಚಣಿಗೆ ತಂದು, ಬಿಸಿನೀರಿನಲ್ಲಿ ತೊಳೆದು, ಕೂತವರಿಗೆಲ್ಲ ಒಂದೊಂದು ಹಂಚುವುದು. ಹಬ್ಬ ಮುಗಿದ ಮೇಲೆ ಅವು ಹೆಣ್ಣುಮಕ್ಕಳ ತಲೆಗೆ. ಚಿಕ್ಕಂದಿನಲ್ಲಿ ಜನವರಿ ತಿಂಗಳೆಲ್ಲ ನನ್ನ ಜಡೆಗೆ ತುಪ್ಪದ ವಾಸನೆ ಇರುತ್ತಿತ್ತೆಂದು ನನ್ನ ನೆನಪು.

ಅಮ್ಮನ ಹೆಬ್ಬೆರಳಿಗೆ ಈಗ ಒತ್ತುವ ಬಲವಿಲ್ಲ. ನಾಲ್ಕು ಕಿಡಿಯೊ ಮಾಡಿ ಬಾಚಣಿಗೆಯನ್ನು ಕೆಳಗಿಟ್ಟರು. ನಾನು, ಅತ್ತಿಗೆ, ಅಣ್ಣನ ಇಬ್ಬರು ಮಕ್ಕಳು, ನನ್ನ ಮಗಳು, ಸಂಜೆ ಕೆಲಸದಿಂದ ಬಂದ ಅಣ್ಣ, ಜೀವಮಾನದಲ್ಲಿ ಅಡುಗೆಮನೆಯ ನೆಲಕ್ಕೆ ಕೂರದ ನನ್ನ ಗಂಡ, ಎಲ್ಲರೂ ಚಾಪೆಯ ಸುತ್ತ ಕೂತೆವು. ಮೊದಲಿನ ಅರ್ಧ ಗಂಟೆ ಎಲ್ಲರ ಕಿಡಿಯೊ ಒಡೆದವು. ಆಮೇಲೆ ಕೈಗೆ ಲಯ ಸಿಕ್ಕಿತು, ಬಾಯಿಗೆ ಮಾತು ಸಿಕ್ಕಿತು. ಪಪ್ಪ ತೀರಿಕೊಂಡ ವಾರದ ಬಗ್ಗೆ ಅಣ್ಣ ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಆ ಸಂಜೆ ತಲೆಯೆತ್ತದೆ, ಬಾಚಣಿಗೆಯನ್ನೇ ನೋಡುತ್ತ, ಒಂದೊಂದಾಗಿ ಹೇಳಿದ. ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ್ದನ್ನು ಹೇಳಲು ಕೈಗೊಂದು ಕೆಲಸ ಬೇಕಾಗುತ್ತದೆ. ಅಂಥ ಕೆಲಸ ಡಬ್ಬಿಯಲ್ಲಿ ಬಂದ ಕುಸ್ವಾರಿನಲ್ಲಿ ಎಲ್ಲಿ ಬರಬೇಕು?

ಕೊಕ್ಕಿಸಾಂ ಮಾಡುವುದಕ್ಕೆ ಹೂವಿನ ಆಕಾರದ ಕಬ್ಬಿಣದ ಅಚ್ಚಿದೆ, ಉದ್ದ ಹಿಡಿಯದ್ದು. ಅಚ್ಚನ್ನು ಮೊದಲು ಎಣ್ಣೆಯಲ್ಲೇ ಕಾಯಿಸಬೇಕು. ಕಾದ ಅಚ್ಚನ್ನು ಅಕ್ಕಿಹಿಟ್ಟು, ಮೈದಾ, ಮೊಟ್ಟೆ, ತೆಂಗಿನ ಹಾಲಿನ ತೆಳು ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿತೋ, ಹಿಟ್ಟು ಮೇಲಿಂದ ಅಚ್ಚನ್ನು ಹಿಡಿದುಕೊಳ್ಳುತ್ತದೆ, ಹೂವು ಬಿಡುವುದಿಲ್ಲ. ಅಚ್ಚಿನ ಕಾವು ಕಡಿಮೆಯಾದರೆ ಹಿಟ್ಟು ಅಂಟುವುದೇ ಇಲ್ಲ. ಅಕ್ಕಿ ಮತ್ತು ತೆಂಗಿನ ಹಾಲಿನ ಗುಳಿಯೊ ಇನ್ನೂ ಕಠಿಣ. ಗೋಲಿಯಷ್ಟೇ ಸಣ್ಣ, ಗೋಲಿಯಷ್ಟೇ ಗಟ್ಟಿ. ಹದ ತಪ್ಪಿದರೆ ಎಣ್ಣೆಯಲ್ಲಿ ಸಿಡಿಯುತ್ತದೆ, ಮಕ್ಕಳನ್ನು ಹೊರಗೆ ಕಳಿಸಿಯೇ ಕರಿಯುವುದು. ಪಪ್ಪನಿಗೆ ಬಲು ಇಷ್ಟ. ಹಲ್ಲು ಹೋದ ಮೇಲೂ ಚಹಾದಲ್ಲಿ ನೆನೆಹಾಕಿ ತಿನ್ನುತ್ತಿದ್ದರಂತೆ. ಎಳ್ಳು, ಕೊಬ್ಬರಿ, ಗೋಡಂಬಿ ತುಂಬಿದ ನೆವ್ರ್ಯೊ ಘಟ್ಟದ ಮೇಲಿನವರ ಕರ್ಜಿಕಾಯಿಯ ತಂಗಿ. ಚಕ್ಕುಲಿಗಂತೂ ಪರಿಚಯ ಬೇಕಾಗಿಲ್ಲ.

ನಮ್ಮ ಹಬ್ಬದ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ನಮ್ಮ ದಾರಿ ಗೊತ್ತಾಗುತ್ತದೆ. ಕ್ರಿಸ್‌ಮಸ್ಸಿಗೆ ನಾವು ಹೇಳುವುದು ನತಾಲಾಂ, ಅದು ಪೋರ್ಚುಗೀಸರ ನತಾಲ್. ಇಗರ್ಜಿ, ಜಪಸರಕ್ಕೆ ಹೇಳುವ ತೇರ್ಸ್, ಆಶೀರ್ವಾದಕ್ಕೆ ಹೇಳುವ ಬೆಸಾಂವ್, ಎಲ್ಲವೂ ಅವರ ಭಾಷೆಯಿಂದ ಗೋವೆಯ ಕೊಂಕಣಿಯ ಬಾಯಿಗೆ ಬಂದವು. ಅಲ್ಲಿಂದ ಬರಗಾಲ, ಯುದ್ಧ, ತೆರಿಗೆಗಳಿಗೆ ಬೇಸತ್ತು ಹೊರಟವರ ಜೊತೆ ಈ ತುಳುನಾಡಿಗೆ ನಡೆದುಬಂದವು. ಆದರೆ ತಟ್ಟೆಯಲ್ಲಿರುವ ಅಕ್ಕಿ, ತೆಂಗು, ಎಳ್ಳು, ಬೆಲ್ಲ ಈ ನೆಲದವು. ಹೋದಲ್ಲಿಂದ ಮರಳಿ ಬರುವುದೂ ನಮ್ಮವರಿಗೆ ಹೊಸತಲ್ಲ. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದವರಲ್ಲಿ ಉಳಿದವರು 1799ರ ನಂತರ ಘಟ್ಟ ಇಳಿದು ಇದೇ ಗದ್ದೆಗಳಿಗೆ ಬಂದರು. ಅವರೂ ಹದಿನೈದು ವರ್ಷದ ಮೇಲೆ ಬಂದವರು. ಅವರ ನೋವಿನೆದುರು ನನ್ನದನ್ನು ಇಡುವುದಿಲ್ಲ. ಅವರು ಮನೆಗೆ ಬಂದ ಮೇಲಿನ ಮೊದಲ ನತಾಲಾಂ ಹೇಗಿತ್ತೋ ಎಂದು ಮಾತ್ರ ಅಂದುಕೊಳ್ಳುತ್ತೇನೆ.

ನನಗೆ ಗೊತ್ತಿರುವ ದೊಡ್ಡ ಮರಳುವಿಕೆ 1990ರದ್ದು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಮುಂದಿನ ತಿಂಗಳುಗಳಲ್ಲಿ ಏರ್ ಇಂಡಿಯಾದ ವಿಮಾನಗಳು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ತಂದವು, ಹೆಚ್ಚಿನವರನ್ನು ಜೋರ್ಡಾನಿನ ಅಮ್ಮಾನಿನಿಂದ. ನನ್ನ ಸೋದರಮಾವ, ಅತ್ತೆ, ಮೂವರು ಮಕ್ಕಳು ಬಾಗ್ದಾದ್ ದಾರಿಯಾಗಿ ಮರುಭೂಮಿ ದಾಟಿ, ಗಡಿಯ ಡೇರೆಗಳಲ್ಲಿ ದಿನ ದೂಡಿ, ಬೊಂಬಾಯಿಗೆ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬಂದರು. ಐದು ಜನಕ್ಕೆ ಒಂದೇ ಚೀಲ. ನನಗೆ ಎಂಟು ವರ್ಷ. ಅವರ ಮನೆಯ ಕೆಲಸ ಅರ್ಧಕ್ಕೆ ನಿಂತಿದ್ದರಿಂದ ನಮ್ಮಲ್ಲೇ ಉಳಿದರು. ನಮ್ಮ ವಾಡೊದಲ್ಲಿ, ಎಂದರೆ ಇಗರ್ಜಿಯ ನಮ್ಮ ವಾರ್ಡಿನಲ್ಲಿ, ಅಂಥ ಮನೆಗಳು ಇನ್ನೂ ಇದ್ದವು. ಕೆಲಸ ಹೋಗಿತ್ತು, ಬ್ಯಾಂಕಿನ ದುಡ್ಡು ಅಲ್ಲೇ ಸಿಕ್ಕಿಬಿದ್ದಿತ್ತು. ದೊಡ್ಡವರು ರಾತ್ರಿ ಜಗಲಿಯಲ್ಲಿ ರೇಡಿಯೋ ಸುತ್ತ ಕೂತು ಮೆಲ್ಲಗೆ ಮಾತಾಡುತ್ತಿದ್ದರು.

ಆ ಡಿಸೆಂಬರಿನಲ್ಲಿ ಊರು ಎಂದೂ ಇಲ್ಲದಷ್ಟು ತುಂಬಿತ್ತು. ಗಲ್ಫಿನ ಕಾಗದಕ್ಕೆ, ಡ್ರಾಫ್ಟಿಗೆ ಕಾಯುತ್ತಿದ್ದ ಮನೆಗಳಲ್ಲಿ ಕಾಗದ ಬರೆಯುವವರೇ ಬಂದು ಕೂತಿದ್ದರು. ಸಕ್ಕರೆಗೆ ಹಣ ಸಾಲದೆ ಅಮ್ಮ ಆ ವರ್ಷದ ನೆವ್ರ್ಯೊಗೆ ಬೆಲ್ಲ ಹಾಕಿದರು. ಕೇಕ್ ಇರಲಿಲ್ಲ. ಆದರೆ ಕಿಡಿಯೊ ಮಾಡಲು ಹದಿನಾಲ್ಕು ಜನ ಕೂತಿದ್ದೆವು, ಬಾಚಣಿಗೆ ಸಾಲದೆ ಮಾವ ಬಿದಿರಿನ ಚೂರಿಗೆ ಗೀರು ಹಾಕಿ ಕೊಟ್ಟ ನೆನಪಿದೆ. ಕುವೈತಿನಲ್ಲಿ ಹುಟ್ಟಿದ ಅವರ ಕೊನೆಯ ಮಗಳು ಹೊರಗೆ ಕಟ್ಟಿದ ನಕ್ಷತ್ರವನ್ನು ನೋಡಿ, ಇದನ್ನು ಯಾರಾದರೂ ನೋಡಿಬಿಟ್ಟರೆ ಎಂದು ಕೇಳಿದ್ದಳು. ನೋಡಲಿ ಎಂದೇ ಕಟ್ಟಿದ್ದು ಮಗಾ ಎಂದಿದ್ದರು ಪಪ್ಪ. ಯುದ್ಧ ಮುಗಿದ ಮೇಲೆ ಮಾವ ಮತ್ತೆ ಹೋದರು. ಎಲ್ಲರೂ ಒಬ್ಬೊಬ್ಬರಾಗಿ ಹೋದರು. ಅಷ್ಟು ಜನ ಒಟ್ಟಿಗೆ ಕೂತ ಕ್ರಿಸ್‌ಮಸ್ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ. ಹದಿನೆಂಟು ವರ್ಷದ ನಂತರ ನಾನೂ ಅದೇ ಕುವೈತಿನ ವಿಮಾನ ಹತ್ತಿದೆ.

ನಕ್ಷತ್ರದ ಬಿದಿರಿನ ಚೌಕಟ್ಟು ಅಟ್ಟದಲ್ಲಿ ಹಾಗೇ ಇತ್ತು. ಪಪ್ಪ ಕಟ್ಟಿದ ತಂತಿಯ ಗಂಟುಗಳು ತುಕ್ಕು ಹಿಡಿದಿದ್ದರೂ ಬಿಗಿ ಬಿಟ್ಟಿರಲಿಲ್ಲ. ಅಣ್ಣ ಹಳೆಯ ಕಾಗದ ಕಿತ್ತು, ಮೈದಾ ಅಂಟು ಕಾಯಿಸಿ, ಕೆಂಪು ಬಿಳಿ ಕಾಗದ ಹಚ್ಚಿದ. ಪೇಟೆಯಲ್ಲಿ ಚಂದದ ರೆಡಿಮೇಡ್ ನಕ್ಷತ್ರಗಳಿವೆ, ಕೊಳ್ಳುವವರನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ನಮ್ಮದನ್ನು ಬಿಡಲು ಮಾತ್ರ ಆಗಲಿಲ್ಲ.

ಗೋದಲಿ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಕ್ಕಳ ಪಾಲಿಗೆ ಬಂತು. ಸಂತ ಫ್ರಾನ್ಸಿಸ್ ಅಸ್ಸೀಸಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಮೊದಲ ಗೋದಲಿ ಮಾಡಿದ್ದು 1223ರಲ್ಲಿ, ಅದಕ್ಕೆ ಸರಿಯಾಗಿ 800 ವರ್ಷ ತುಂಬಿದ ಕ್ರಿಸ್‌ಮಸ್ ಅದು. ಇಗರ್ಜಿಯಲ್ಲಿ ಫಾದರ್ ಹೇಳಿದ್ದನ್ನು ಕೇಳಿ ಮಕ್ಕಳಿಗೆ ಹುರುಪು ಬಂತು. ನಮ್ಮಲ್ಲಿ ಗೋದಲಿಗೆ ಗದ್ದೆ ಬೇಕೇಬೇಕು. ಹತ್ತು ಹನ್ನೆರಡು ದಿನ ಮೊದಲೇ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಬೇಕು. ಮೊದಲು ಎರಡು ದಿನ ಕತ್ತಲಲ್ಲಿ, ಆಮೇಲೆ ಬೆಳಕಿನಲ್ಲಿ. ಮಗಳು ಬೆಳಗ್ಗೆ ಎದ್ದವಳೇ ಗೆರಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ನಾಲ್ಕನೆಯ ದಿನ ಹಸಿರು ಸೂಜಿಗಳು ಮೇಲೆದ್ದಾಗ ಕೂಗಿದ ಕೂಗಿಗೆ ಕೆಳಗಿನ ಮನೆಯ ಅಕ್ಕ ಬೇಲಿಯ ಹತ್ತಿರ ಓಡಿಬಂದರು.

ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿಸಿದವರು. “ಏಪ ಬತ್ತಿನಿ ಮಗಾ?”, ಯಾವಾಗ ಬಂದೆ ಎಂದು ತುಳುವಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕೆನ್ನೆ ಸವರಿದರು. ಕಟೀಲು ಮೇಳದ ಯಕ್ಷಗಾನ ಆಟ ನೋಡಲು ಬಾಲ್ಯದಲ್ಲಿ ನಾನು ಹೋಗುತ್ತಿದ್ದದ್ದು ಅವರ ಕೈ ಹಿಡಿದೇ. ಶೇಂದಿಯ ವಿಷಯ ಹೇಳಿದಾಗ ಅವರೇ ಮೂರ್ತೆ ಕಟ್ಟುವ, ಎಂದರೆ ಶೇಂದಿ ಇಳಿಸುವ ಪೂಜಾರಿಯವರಿಗೆ ಫೋನ್ ಮಾಡಿದರು. ಈಗ ತೆಂಗಿನ ಮರವೇರಿ ಶೇಂದಿ ಇಳಿಸುವವರು ನಮ್ಮ ಸುತ್ತಿನಲ್ಲಿ ಬೆರಳೆಣಿಕೆಗೆ ಇಳಿದಿದ್ದಾರೆ. ಹಬ್ಬದ ವಾರ ಎಲ್ಲ ಮನೆಗಳಿಗೂ ಅವರೇ ಬೇಕು. 24ರ ಬೆಳಿಗ್ಗೆ ಪೂಜಾರಿಯವರು ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟು, “ಮುಚ್ಚಳ ಗಟ್ಟಿ ತಿರುಗಿಸಬೇಡಿ, ಹಾರೀತು” ಎಂದು ಎಚ್ಚರಿಸಿ ಹೋದರು. ರುಬ್ಬಿದ ಅಕ್ಕಿ, ಉದ್ದಿನ ಹಿಟ್ಟಿಗೆ ಶೇಂದಿ ಬಿದ್ದ ಮೇಲೆ ಪಾತ್ರೆಗೆ ಕಿವಿಗೊಟ್ಟರೆ ಸಣ್ಣಗೆ ಚಿರಿಚಿರಿ ಸದ್ದು. ಯೀಸ್ಟಿನ ಹಿಟ್ಟೂ ಉಬ್ಬುತ್ತದೆ, ಆದರೆ ಆ ಹುಳಿಸಿಹಿಯ ಪರಿಮಳ ಅದಕ್ಕೆ ಬರುವುದಿಲ್ಲ. ಸಣ್ಣಾಂ ಬೇಯಿಸುವ ತೊಂದೊರಿನ ಮುಚ್ಚಳ ತೆಗೆದಾಗ ಆವಿಯ ಜೊತೆ ಎದ್ದ ಆ ಪರಿಮಳಕ್ಕೆ ನನ್ನ ಕಣ್ಣು ತುಂಬಿತು. ಅತ್ತಿಗೆ ನೋಡಿಯೂ ನೋಡದಂತೆ ಒಲೆಯ ಉರಿ ತಗ್ಗಿಸಿದಳು.

24ರಂದು ಬೆಳಿಗ್ಗೆ ಭಾನುವಾರದ ಪೂಜೆ, ಸಂಜೆ ಕ್ರಿಸ್‌ಮಸ್ ಜಾಗರಣೆಯ ಬಲಿಪೂಜೆ. ಹಿಂದೆ ನಡುರಾತ್ರಿಗೆ ಆಗುತ್ತಿದ್ದದ್ದು ನಮ್ಮಲ್ಲೀಗ ಸಂಜೆಗೆ ಬಂದಿದೆ. ಕೈಯಲ್ಲಿ ಸೂಡಿ ಹಿಡಿದು ಗದ್ದೆಯ ಹುಣಿಯಲ್ಲಿ ಸಾಲಾಗಿ ನಡೆಯುವುದು ಹೋಗಿದೆ, ಕಾರಿನಲ್ಲಿ ಹೋಗಿ ಬಂದೆವು. ಅಂಗಳದಲ್ಲಿ ನಮ್ಮ ವಾಡೊದ ಮುಖ್ಯಸ್ಥರಾದ ಗುರ್ಕಾರ್ ಸಿಕ್ಕಿದರು, ನನ್ನ ಜೊತೆ ಶಾಲೆಗೆ ಬಂದ ಮೂವರು ಸಿಕ್ಕಿದರು. ಮಾತಿಗೆ ನಿಂತವರಲ್ಲಿ ಎಲ್ಲರ ಮನೆಯಲ್ಲೂ ಒಬ್ಬರಾದರೂ ಹೊರದೇಶದಲ್ಲಿದ್ದರು, ಈಗಿನವರು ಕೊಲ್ಲಿಗಿಂತ ಕೆನಡಾ, ಇಸ್ರೇಲ್ ಎನ್ನುತ್ತಾರೆ. ಇಗರ್ಜಿಯ ಕೊನೆಯ ಬೆಂಚಿನಲ್ಲಿ ಮುದುಕಿಯೊಬ್ಬರು ಮೊಬೈಲನ್ನು ಗೋದಲಿಯ ಕಡೆ ತಿರುಗಿಸಿ ಹಿಡಿದಿದ್ದರು, ಪರದೆಯಲ್ಲಿ ಯಾರದೋ ಮುಖ. ಮೂರು ವರ್ಷದ ಹಿಂದೆ ಆ ಪರದೆಯ ಒಳಗಿದ್ದವಳು ನಾನು. ಅವರ ಕೈ ನಡುಗುತ್ತಿತ್ತು. ಹೋಗಿ ಪಕ್ಕದಲ್ಲಿ ಕೂತು ಫೋನನ್ನು ನಾನು ಹಿಡಿದುಕೊಂಡೆ.

ಹಬ್ಬದ ದಿನದ ಊಟದ ಬಗ್ಗೆ ಉದ್ದ ಬರೆಯುವುದಿಲ್ಲ. ಸಣ್ಣಾಂ, ಹಿಂದಿನ ದಿನವೇ ಬೇಯಿಸಿಟ್ಟು ಖಾರ ಹಿಡಿದ ದುಕ್ರಾ ಮಾಸ್, ಕೋಳಿ, ಪುಲಾವ್, ತೊಂಡೆಕಾಯಿ ಗೋಡಂಬಿ. ಮಕ್ಕಳು ಊಟಕ್ಕಿಂತ ಕಾದದ್ದು ತಟ್ಟೆ ಹಂಚುವುದಕ್ಕೆ. ತಟ್ಟೆಯಲ್ಲಿ ಎಲ್ಲ ಕುಸ್ವಾರ್ ಒಪ್ಪವಾಗಿ ಜೋಡಿಸಿ, ಅಮ್ಮ ಹೆಣೆದ ಕ್ರೋಶಾ ಬಟ್ಟೆ ಮುಚ್ಚಿ, ಕೆಳಗಿನ ಮನೆಗೆ, ಶೆಟ್ರ ಮನೆಗೆ, ಭಟ್ರ ಮನೆಗೆ, ಪೇಟೆಯ ಸಾಹೇಬರ ಅಂಗಡಿಗೆ. ಮೊಟ್ಟೆ ಮುಟ್ಟದ ಭಟ್ರ ಮನೆಯ ತಟ್ಟೆಗೆ ಬೇರೆ ಲೆಕ್ಕ: ಚಕ್ಕುಲಿ, ಗುಳಿಯೊ, ಬಾಳೆಹಣ್ಣು ಮಾತ್ರ, ಕರಿಯುವುದೂ ಮೊದಲ ಎಣ್ಣೆಯಲ್ಲಿ. ಐವತ್ತು ವರ್ಷದಿಂದ ಅಮ್ಮ ಈ ಲೆಕ್ಕ ತಪ್ಪಿಸಿಲ್ಲ. ಯಾರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ನೆನಪಿಟ್ಟುಕೊಂಡು ಅಡುಗೆಯ ಸರದಿಯನ್ನೇ ಬದಲಿಸುವುದಕ್ಕೆ ನಾನು ದೊಡ್ಡ ಹೆಸರು ಕೊಡಲಾರೆ, ಅಮ್ಮನಿಗೂ ಹೆಸರು ಬೇಡ. ಆದರೆ ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡ ಅಳತೆಗಳ ಮೊದಲ ಪುಟದಲ್ಲೇ ಅದಿದೆ.

ರಾತ್ರಿ ತೇರ್ಸ್ ಆಯಿತು. ದೀಪದ ಮುಂದೆ ಮೊಣಕಾಲೂರಿ ಜಪಸರ ಮುಗಿಸಿದ ಮೇಲೆ ಚಿಕ್ಕವರು ದೊಡ್ಡವರ ಮುಂದೆ ಹೋಗಿ ಕೈ ಜೋಡಿಸಿ ಬೆಸಾಂವ್ ಕೇಳುವುದು ನಮ್ಮ ಪದ್ಧತಿ. ಕುವೈತಿನಲ್ಲಿ ಪಾಳಿಗಳ ನಡುವೆ ಅದು ನಮ್ಮಿಂದ ಬಿಟ್ಟುಹೋಗಿತ್ತು. ಅಮ್ಮ ಕುರ್ಚಿಯಲ್ಲಿದ್ದರು. ಅಣ್ಣ ಕೇಳಿದ, ಅತ್ತಿಗೆ ಕೇಳಿದಳು. ನಾನು ಬಗ್ಗಿ, “ಬೆಸಾಂವ್ ದಿ ಮಾಂಯ್” ಎಂದೆ. ಅಮ್ಮ ಆ ಸೊಟ್ಟಗಾದ ಬೆರಳುಗಳನ್ನು ನನ್ನ ನೆತ್ತಿಯ ಮೇಲಿಟ್ಟು, ಉಳಿದವರಿಗಿಂತ ಹೆಚ್ಚು ಹೊತ್ತು ತೆಗೆಯಲಿಲ್ಲ. “ಪಪ್ಪನದ್ದೂ ಸೇರಿಸಿ ಕೊಟ್ಟಿದ್ದೇನೆ” ಎಂದರು. ನಾನೆದ್ದು ತಿರುಗಿದರೆ ಮಗಳು ಕೈ ಜೋಡಿಸಿ ನನ್ನ ಮುಂದೆ ನಿಂತಿದ್ದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ಕಲಿತಿದ್ದಳು.

ಜನವರಿ 6ಕ್ಕೆ ಮೂರು ಅರಸರ ಹಬ್ಬವಾದ ಮೇಲೆ ಗೋದಲಿ ತೆಗೆದೆವು. ಮೂರ್ತಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದ್ದಾಯಿತು. ನಕ್ಷತ್ರವನ್ನು ಅಣ್ಣ ಅಟ್ಟಕ್ಕೇರಿಸಿದ. ಗೆರಟೆಗಳಲ್ಲಿ ರಾಗಿ ಗೇಣುದ್ದ ಬೆಳೆದು ಬಾಗಿತ್ತು. ಅದನ್ನು ಎಸೆಯಲು ಮಗಳು ಒಪ್ಪಲಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಬೇಲಿ ದಾಟಿ ಅಕ್ಕನ ಹಟ್ಟಿಗೆ ಹೋದಳು, ಅಲ್ಲಿ ತಿಂಗಳ ಹಿಂದೆ ಹುಟ್ಟಿದ ಕರುವಿತ್ತು. ತುಂಬಾ ಹೊತ್ತು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ನಮ್ಮ ಹಬ್ಬದ ತಟ್ಟೆಯಿತ್ತು. ತೊಳೆದು ಒರೆಸಿದ ತಟ್ಟೆ, ಅದರ ಮೇಲೆ ಆಗಷ್ಟೇ ಕಿತ್ತ ಕೆಂಪು ಹರಿವೆಯ ಒಂದು ಕಟ್ಟು, ಬೇರಿಗೆ ಇನ್ನೂ ಮಣ್ಣು ಅಂಟಿತ್ತು. ಅಮ್ಮ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, “ರಾತ್ರಿಗೆ ಸಾಂಬಾರು ಮಾಡುವಾ, ತೊಗರಿಬೇಳೆ ಒಂದು ಕುಡ್ತೆ ತೆಗೆ” ಎಂದು ಮೊಮ್ಮಗಳಿಗೆ ಹೇಳಿದರು.